ಮೊದಲ ಸಾಲಿನ ಗುಡಾರ

ತಪ್ಪು ತಸ್ನೀಮಳದು. ಆದರೆ ನಾಲ್ಕು ವರ್ಷದ ಮಗುವಿನ ಮೇಲೆ ಎಷ್ಟೂಂತ ತಪ್ಪು ಹೊರಿಸುವುದು? ಆಥ್ಲೋನಿನ ಮನೆಯಿಂದ ಕ್ಲಿಪ್‌ಸಾಂಡ್ ಕಡಲತೀರಕ್ಕೆ ಬರುವ ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ ಒಂದು ಸದ್ದೂ ಮಾಡಿರಲಿಲ್ಲ. ಇಗ್ಸಾನನಿಗೆ ಆಗಲೇ ಅನುಮಾನ ಬರಬೇಕಿತ್ತು. ಕಾರು ನಿಲ್ಲಿಸಿ ತಿರುಗಿ ನೋಡಿದರೆ, ಎರಡು ವರ್ಷದ ಯುಸ್ರಿಯ ಮೈತುಂಬ ಕೆಂಪು, ಹಸಿರು, ಹಳದಿ ಟೇಪಿನ ತುಂಡುಗಳು. ಸೀಟುಗಳ ನಡುವೆ ಇಟ್ಟಿದ್ದ ಗುಡಾರದ ಇಪ್ಪತ್ತಾರು ಕಂಬಿಗಳು ಬೋಳು ಬೋಳು.

"ಅಪ್ಪಾ, ತಮ್ಮಂಗೆ ಈದ್ ಬಟ್ಟೆ ಹಾಕಿದೀನಿ!"

ಆ ಟೇಪು ಅಂಟಿಸಿದವರು ಇಗ್ಸಾನನ ತಂದೆ ಹಾಜಿ ಕಾಸಿಮ್. ಯಾವ ಕಂಬಿ ಯಾವುದಕ್ಕೆ ಸೇರಬೇಕು ಎಂಬುದಕ್ಕೆ ಅದೊಂದೇ ಗುರುತು. ಟೇಪಿಲ್ಲದೆ ಗೊತ್ತಿದ್ದವರು ಅವರೊಬ್ಬರೇ. ಅವರು ಜೂನ್‌ನಲ್ಲಿ, ಈ ದಕ್ಷಿಣದ ನಾಡಿನ ಚಳಿಗಾಲದಲ್ಲಿ, ತೀರಿಕೊಂಡಿದ್ದರು.

ಕ್ಲಿಪ್‌ಸಾಂಡಿನಲ್ಲಿ ರಜೆಗೆ ಗುಡಾರ ಹಾಕುವ ಜಾಗಕ್ಕೆ ಮುಂಗಡ ಗಿಂಗಡ ಇಲ್ಲ. ಡಿಸೆಂಬರಿನ ಬೇಸಿಗೆ ರಜೆಯ ಮೊದಲ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸಮಿತಿಯ ಪೀಟರ್ಸನ್ ಸಾಹೇಬರು ಶೀಟಿ ಊದುತ್ತಾರೆ. ಆಗ ಯಾರ ಗುಡಾರ ನಿಂತಿದೆಯೋ ಹತ್ತು ದಿನ ಜಾಗ ಅವರದು. ನಿಲ್ಲದಿದ್ದರೆ ಕಾದು ನಿಂತವರ ಪಾಲು. ಮೊದಲ ಸಾಲಿನಲ್ಲಿ, ಅಲೆಗಳಿಗೆ ಎದುರಾಗಿ ಇರುವ ಜಾಗ ಮೂವತ್ತೊಂದು ವರ್ಷ ಹಾಜಿ ಕಾಸಿಮರದು. ಆಸ್ಪತ್ರೆಯಲ್ಲಿ ಅವರು ಕೊನೆಗೆ ಆಡಿದ ಮಾತೂ ಅದೇ: "ಜಾಗ ಬಿಡ್ಬೇಡ ಕಣೋ."

ಭಾವಂದಿರಿಬ್ಬರೂ ಜೊತೆಗೆ ಬರುತ್ತೇವೆಂದಿದ್ದರು. ಅಮ್ಮ ಗದೀಜಾ ಬೇಡವೆಂದಳು. "ಅವನೊಬ್ಬನೇ ಹೋಗ್ಲಿ. ಮಕ್ಕಳನ್ನೂ ಕರ್ಕೊಂಡು ಹೋಗ್ಲಿ. ನಾವು ಸಂಜೆ ಬರ್ತೀವಿ." ಹುಟ್ಟಿದಾಗಿನಿಂದ ಯಾರೂ ಯಾವ ಕೆಲಸಕ್ಕೂ ನಂಬದ ಇಗ್ಸಾನನಿಗೆ ಆ ಮಾತಿನಿಂದ ಕಣ್ಣು ತುಂಬಿತ್ತು. ಈಗ ಗಂಟೆ ಒಂಬತ್ತೂವರೆ. ಆಗ್ನೇಯದ ಗಾಳಿ ಮರಳನ್ನು ಎತ್ತಿ ಎತ್ತಿ ಮುಖಕ್ಕೆ ಎರಚುತ್ತಿತ್ತು.

ಎರಡು ಕಂಬಿ ಸೇರಿಸುವಷ್ಟರಲ್ಲಿ ಪಕ್ಕದ ಗುಡಾರದ ಮೈಮೂನಾ ಆಂಟಿ ಬಂದಳು. ಇಲ್ಲಿಯವರು ಸಿಗುವುದು ವರ್ಷಕ್ಕೊಮ್ಮೆ, ಹಾಗಾಗಿ ಸಾಂತ್ವನವೆಲ್ಲ ಬಾಕಿಯಿತ್ತು. ಕಂಬಿ ಹಿಡಿದ ಅವನ ಕೈಯನ್ನೇ ಹಿಡಿದು ಕಾಲು ಗಂಟೆ ಅತ್ತಳು. ಅತ್ತು ಮುಗಿಸಿ, "ಅದ್ಯಾಕಪ್ಪಾ ಗಿಡ್ಡ ಕಂಬಿ ಮುಂದೆ? ಹಾಜಿ ಉದ್ದದ್ದೇ ಹಾಕ್ತಿದ್ದಿದ್ದು," ಎಂದು ಎರಡನ್ನೂ ಕಿತ್ತಿಟ್ಟು ಹೋದಳು.

ಮುಂದಿನವರು ನಿವೃತ್ತ ಬಸ್ ಡ್ರೈವರ್ ಸುಲೇಮಾನಣ್ಣ. ಅವರೂ ತಬ್ಬಿಕೊಂಡರು, ದುಆ ಓದಿದರು, ಹಾಜಿ ಎಂಥ ಮನುಷ್ಯ ಎಂದು ಇಪ್ಪತ್ತು ನಿಮಿಷ ಹೇಳಿದರು. "ಉದ್ದದ್ದು ಮುಂದೆ ಹಾಕು ಅಂದವರ್ಯಾರು? ಗಾಳಿ ಯಾವ ಕಡೆಯಿಂದ ಬರ್ತಿದೆ, ನೋಡೋಕೆ ಕಣ್ಣಿಲ್ವಾ?" ಎಂದು ಮತ್ತೆ ಕಿತ್ತರು. ಹೀಗೆ ಬಂದವರೆಲ್ಲ ಅತ್ತರು, ಅತ್ತವರೆಲ್ಲ ಕಿತ್ತರು.

ಹನ್ನೊಂದಕ್ಕೆ ಹೇಗೋ ನಿಂತ ಗುಡಾರ ಮಂಡಿಯೂರಿದ ಒಂಟೆಯಂತಿತ್ತು. ಗಾಳಿ ಒಮ್ಮೆ ಒದ್ದಿತು, ಒಂಟೆ ಮಲಗಿತು.

"ಅಪ್ಪಾ, ತಮ್ಮ ಒಳಗಿದ್ದ," ಎಂದಳು ತಸ್ನೀಮ.

ಇಗ್ಸಾನ್ ಕಿರುಚಿಕೊಂಡು ಬಟ್ಟೆಯಡಿ ನುಗ್ಗಿದ. ಯುಸ್ರಿ ಒಳಗೆ ಕೂತು ಮೈಮೂನಾ ಆಂಟಿ ಕೊಟ್ಟ ಕೂಸಿಸ್ಟರ್ ಎಂಬ ಪಾಕದಲ್ಲದ್ದಿದ ಕರಿದ ತಿಂಡಿಯನ್ನು ಮರಳಿನ ಸಮೇತ ಮೆಲ್ಲುತ್ತಿದ್ದ. ಹೊರಗೆ ಈ ಜಾಗಕ್ಕೆ ಕಾದಿದ್ದ ಜಾಪಿ ಕುಟುಂಬದವರು ತಮ್ಮ ಮಡಿಸಿದ ಗುಡಾರದ ಪಕ್ಕ, ಊಟದ ಎರಡನೇ ಪಂಕ್ತಿಗೆ ಕಾದವರ ಹಾಗೆ ತಾಳ್ಮೆಯಿಂದ ನಿಂತಿದ್ದರು.

ಹನ್ನೊಂದೂವರೆಗೆ ಇಗ್ಸಾನ್ ಮರಳಿನ ಮೇಲೆ ಕುಸಿದ. ಅಪ್ಪ ಸತ್ತಾಗಲೂ ಹೀಗೆ ಅತ್ತಿರಲಿಲ್ಲ. "ನನ್ ಕೈಲಿ ಆಗಲ್ಲ ಸುಲೇಮಾನಣ್ಣ. ಅವರು ಕೇಳಿದ್ದು ಇದೊಂದೇ. ಇದೂ ಆಗಲ್ಲ."

ಸುಲೇಮಾನಣ್ಣ ಬಗ್ಗಿ ಮರಳಿನಲ್ಲಿ ಬಿದ್ದಿದ್ದ ಕಂಬಿಗಳನ್ನು ತಡಕಿದರು. ನಂತರ ಒಂದು ಕಂಬಿ ಎತ್ತಿಕೊಂಡರು. "ಹಾಜಿ ಪ್ರತಿ ವರ್ಷ ನನ್ ಕೈಗೆ ಈ ಸೊಟ್ಟ ಕಂಬೀನೇ ಕೊಡ್ತಿದ್ರು. ನಾನು ಇಲ್ಲಿ ನಿಲ್ತಿದ್ದೆ." ಎಡಗಡೆ ಮೂಲೆಗೆ ಹೋಗಿ ನಿಂತೇಬಿಟ್ಟರು.

ಅದನ್ನು ಕಂಡು ಇನ್ನೊಬ್ಬರು ಬಂದರು. "ನನ್ನದು ನಡುವಿನದು." ಮತ್ತೊಬ್ಬರು, "ನಂದು ಬಾಗಿಲದು, ಇದರಲ್ಲಿ ತೂತಿದೆ ನೋಡಿ." ಇಡೀ ಗುಡಾರ ಒಬ್ಬರಿಗೂ ಗೊತ್ತಿರಲಿಲ್ಲ. ತಾವು ಹಿಡಿಯುತ್ತಿದ್ದ ಒಂದೊಂದು ಕಂಬಿ ಮಾತ್ರ ಎಲ್ಲರಿಗೂ ನೆನಪಿತ್ತು. ಪೀಟರ್ಸನ್ ಸಾಹೇಬರು ಶೀಟಿ ಊದಿದಾಗ ಹಾಜಿ ಕಾಸಿಮರ ಗುಡಾರ ಗಾಳಿಗೆ ಎದೆಯೊಡ್ಡಿ ನಿಂತಿತ್ತು. ಸಾಹೇಬರು ಟೊಪ್ಪಿಗೆ ತೆಗೆದರು. ಜಾಪಿಯವರು ಸಾಮಾನು ಎತ್ತಿಕೊಂಡು ಹಿಂದೆ, ಪೈನ್ ಮರಗಳ ಕೆಳಗೆ ಉಳಿದಿದ್ದ ಒಂದೇ ಒಂದು ಜಾಗಕ್ಕೆ ನಡೆದರು.

ಸಂಜೆ ಗದೀಜಾ ಕಾರಿಳಿದು ಗುಡಾರ ನೋಡಿದವಳೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಇಡೀ ಸಾಲು ಅವಳೊಂದಿಗೆ ಅತ್ತಿತು. ಇಗ್ಸಾನನಿಗೆ ಬದುಕು ಸಾರ್ಥಕವಾಯಿತು ಎನಿಸಿತು. ಜನ ಚದುರಿದ ಮೇಲೆ ಅವಳು ಮಗನನ್ನು ಒಳಗೆಳೆದಳು.

"ಯಾರೋ ನಿಂಗೆ ಇದನ್ನ ನಿಲ್ಲಿಸು ಅಂದಿದ್ದು?"

"ನೀನೇ ಕಳ್ಸಿದ್ದಲ್ವೇನಮ್ಮ!"

"ನಿನ್ನನ್ನೇ ಯಾಕೆ ಕಳ್ಸಿದೆ? ಅಳಿಯಂದಿರನ್ನ ಬಿಟ್ಟು, ಎರಡು ಮಕ್ಕಳನ್ನ ಬೇರೆ ಕಟ್ಟಿ ಯಾಕೆ ಕಳ್ಸಿದೆ? ನಿನ್ ಕೈಲಿ ಖಂಡಿತ ಆಗಲ್ಲ ಅನ್ನೋ ಧೈರ್ಯದ ಮೇಲೆ ಕಣೋ! ಮೂವತ್ತೊಂದು ವರ್ಷ ಈ ಗಾಳಿ ತಿಂದಿದೀನಿ. ಅನ್ನದಲ್ಲಿ ಮರಳು, ಚಹಾದಲ್ಲಿ ಮರಳು. ನಿಮ್ಮಪ್ಪಂಗೆ ಸಮುದ್ರ ಕಾಣ್ಬೇಕಿತ್ತು, ಸುಮ್ನಿದ್ದೆ. ಅವರು ಹೋಗಿ ವರ್ಷ ತುಂಬೋ ಮೊದಲೇ ಅವರ ಜಾಗ ಬೇಡ ಅಂದ್ರೆ ಜನ ಏನಂತಾರೆ? ನೀನು ಕಳ್ಕೊಂಡ್ರೆ ಯಾರೂ ಏನೂ ಅಂತಿರ್ಲಿಲ್ಲ. ಅಭ್ಯಾಸ ಆಗಿದೆ ಎಲ್ರಿಗೂ."

"ಹಿಂದಕ್ಕೆ ಹೋಗೋಣಮ್ಮ. ಈಗ್ಲೇ ಕೀಳ್ತೀನಿ."

"ಹಿಂದೆ ಎಲ್ಲಿದೆ ಜಾಗ?"

ದೂರದಲ್ಲಿ ಪೈನ್ ಮರಗಳ ಕೆಳಗೆ ಜಾಪಿಯ ಹೆಂಡತಿ ಚಹಾ ಕುಡಿಯುತ್ತಿದ್ದಳು. ಅವಳ ದುಪಟ್ಟದ ಅಂಚೂ ಅಲ್ಲಾಡುತ್ತಿರಲಿಲ್ಲ.

ಅಷ್ಟರಲ್ಲಿ ಸುಲೇಮಾನಣ್ಣ ನಾಲ್ಕು ಜನರೊಂದಿಗೆ ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡರು. "ಅತ್ತಿಗೆ, ಸಮಿತಿಯವರ ಹತ್ರ ಮಾತಾಡಿದ್ವಿ. ಇನ್ಮುಂದೆ ನಿಮಗೆ ಶೀಟಿಯ ಕಾಟ ಇಲ್ಲ. ಹಾಜಿ ನೆನಪಿಗೆ ಈ ಜಾಗ ನಿಮ್ಮ ಮನೆಯವರಿಗೇ. ನೀವಿರೋವರೆಗೂ ಖಾಯಂ."

ಗದೀಜಾ ಅವರನ್ನೆಲ್ಲ ಹರಸಿದಳು, ಮತ್ತೆ ಅತ್ತಳು. ಅವರು ಹೋದಮೇಲೆ ಹಲ್ಲಿಗೆ ಸಿಕ್ಕ ಮರಳನ್ನು ಉಗುಳಿ, "ರಾತ್ರಿ ನೀನು ಕಾರಲ್ಲೇ ಮಲ್ಕೋ," ಎಂದಳು.