ಹೊಸ ಅಳಿಯನೂ ಹೊಸ ಟಿ.ವಿ.ಯೂ

ನಮ್ಮ ಮನೆಗೆ ಹೊಸ ಸಾಮಾನು ಬರುವುದೆಂದರೆ ಅದರ ಮುಂದೊಂದು ಫಜೀತಿ, ಹಿಂದೊಂದು ಫಜೀತಿ ಬಂದೇ ಬರುತ್ತದೆ. ಫ್ರಿಜ್ಜು ಬಂದಾಗಲೂ ಹೀಗೆಯೇ ಆಗಿತ್ತು. ಈ ಸಲ ಟಿ.ವಿ.ಯ ಸರದಿ.

ಕೇಳುವ ಹಾಗಿಲ್ಲ

ಕುಂಜತ್ತೂರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಇತ್ತೀಚೆಗಷ್ಟೇ ಮಗಳ ಮದುವೆ ಮಾಡಿದೆ. ನಮ್ಮ ಬ್ಯಾರಿಗಳ ಮನೆಗೆ ಪುದಿಯಾಪ್ಲೆ, ಎಂದರೆ ಹೊಸ ಅಳಿಯ, ಬಂದರೆ ಏನು ಬೇಕೆಂದು ಕೇಳುವುದು ಮರ್ಯಾದೆಯಲ್ಲ. ಕೇಳದೆಯೇ ತಿಳಿದು ಕೊಡಬೇಕು. ಅವನೂ ಬಾಯಿಬಿಟ್ಟು ಬೇಕು ಎನ್ನಬಾರದು. ನನ್ನ ಅಳಿಯನಂತೂ ಬರುವಾಗ ಒಂದು ಸಲಾಂ, ಊಟದ ನಡುವೆ ಒಂದು 'ಸಾಕು', ಹೊರಡುವಾಗ ಇನ್ನೊಂದು ಸಲಾಂ. ಗಂಡುಮಕ್ಕಳಿಲ್ಲದ ನನಗೆ ಈ ಹುಡುಗನ ಜೊತೆ ನಾಲ್ಕು ಮಾತಾಡಬೇಕೆಂದು ಬಹಳ ಆಸೆ.

ಹೆಂಡತಿ ಉಪಾಯ ಹೇಳಿದಳು: "ಒಂದು ದೊಡ್ಡ ಟಿ.ವಿ. ತನ್ನಿ. ಅದರ ಎದುರು ಕೂತರೆ ಗಂಡಸರಿಗೆ ಮಾತು ತನ್ನಿಂದ ತಾನೇ ಬರುತ್ತದೆ."

"ಯಾವುದು ತರುವುದು?"

ಮಗಳ ಮೂಲಕ ಸುತ್ತುಬಳಸಿ ವಿಚಾರಿಸಿದೆವು. ಮಗಳು ಅಪ್ಪನಾದ ನನಗೆ ಉತ್ತರ ತಂದಳು: "ಮಾವನಿಗೆ ಯಾವುದು ಇಷ್ಟವೋ ಅದೇ ನನಗೂ ಇಷ್ಟ ಅಂತಾರೆ ಉಪ್ಪಾ."

ನನಗೆ ಯಾವುದು ಇಷ್ಟ ಎಂದು ನನಗೇ ಗೊತ್ತಿದ್ದರೆ ಅವನನ್ನು ಯಾಕೆ ಕೇಳುತ್ತಿದ್ದೆ?

ದುಬೈಯಿಂದ ನೋಡಿದವನು

ನಮಗೆ ಬಡಗು ದಿಕ್ಕಿಗೆ ಮಂಗಳೂರು, ತೆಂಕು ದಿಕ್ಕಿಗೆ ಕಾಸರಗೋಡು. ಎರಡೂ ಕಡೆ ನೋಡದೆ ಒಂದು ಕೊಡೆಯನ್ನೂ ಕೊಳ್ಳುವವರಲ್ಲ ನಾವು. ಎರಡೂ ಕಡೆ ತಿರುಗಿ, ತಲೆ ಪೂರ್ತಿ ಕೆಟ್ಟ ಮೇಲೆ, ಕಾಸರಗೋಡಿನ ಒಂದು ಅಂಗಡಿಯಲ್ಲಿ ನಿಂತೆವು. ಗೋಡೆ ತುಂಬ ಟಿ.ವಿ.ಗಳು. ಎಲ್ಲದರಲ್ಲೂ ಅದೇ ಬಣ್ಣಬಣ್ಣದ ಮೀನುಗಳು ಈಜುತ್ತಿದ್ದವು. ಓಲೆಡ್, ಕ್ಯೂಲೆಡ್ ಎಂದು ಸೇಲ್ಸ್‌ಮನ್ ಹೇಳಿದ ಮಾತೆಲ್ಲ 'ಲೆಡ್' ಎಂದು ಮುಗಿಯುತ್ತಿತ್ತು ಎಂಬುದಷ್ಟೇ ನನಗೆ ತಿಳಿದದ್ದು.

ಹೆಂಡತಿಯ ತಮ್ಮ ದುಬೈಯಲ್ಲಿದ್ದಾನೆ. ಅವನು ನೋಡಿ ಒಪ್ಪದೆ ನಮ್ಮ ಮನೆಗೆ ಮಿಕ್ಸಿಯೂ ಬರುವುದಿಲ್ಲ. ವೀಡಿಯೊ ಕಾಲ್ ಮಾಡಿ ಮೊಬೈಲನ್ನು ಒಂದೊಂದೇ ಟಿ.ವಿ.ಗೆ ಹಿಡಿದೆ.

"ಇದು ಬೇಡ ಭಾವ, ಮಧ್ಯದಲ್ಲಿ ಗೆರೆ ಉಂಟು."

ಮುಂದಿನದಕ್ಕೆ ಹಿಡಿದೆ. "ಇದರಲ್ಲೂ ಗೆರೆ ಉಂಟು ಮಾರಾಯ್ರೆ!"

ಸಾಲು ಮುಗಿಯಿತು. ಎಲ್ಲದರಲ್ಲೂ ಗೆರೆ. "ಭಾವ, ಆ ಅಂಗಡಿಯವರು ನಿಮ್ಮನ್ನು ಮಂಗ ಮಾಡ್ತಾ ಇದ್ದಾರೆ. ಮೊದಲು ಹೊರಗೆ ಬನ್ನಿ!"

ಸೇಲ್ಸ್‌ಮನ್ ತಾಳ್ಮೆಯಿಂದ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ದುಬೈಯವನಿಗೆ ಅಣ್ಣನೆಂಬ ಮರ್ಯಾದೆ ಕೊಟ್ಟು ಕೇಳಿದ: "ಇಕ್ಕಾ, ನಿಮ್ಮ ಮೊಬೈಲಿನ ಗ್ಲಾಸ್ ಒಡೆದಿದೆಯಾ?"

ಆ ಕಡೆಯಿಂದ ದುಬೈ ಹೇಳಿತು: "ನಿನ್ನೆ ಕೈಯಿಂದ ಜಾರಿ ಬಿತ್ತು. ನಿಮಗೆ ಹೇಗೆ ಗೊತ್ತಾಯ್ತು?"

ಮೂಲೆಯ ಅಳತೆ

ಕೊನೆಗೆ ಒಂದನ್ನು ಮೆಚ್ಚಿದೆವು. ಐವತ್ತೈದು ಇಂಚು ಎಂದ ಸೇಲ್ಸ್‌ಮನ್. ಬಟ್ಟೆ ವ್ಯಾಪಾರಿಯ ಕಿಸೆಯಲ್ಲಿ ಟೇಪು ಇರುತ್ತದೆ. ಎಡದಿಂದ ಬಲಕ್ಕೆ ಹಿಡಿದೆ, ಕಡಿಮೆ ಬಂತು. ಮೇಲಿನಿಂದ ಕೆಳಗೆ ಹಿಡಿದೆ, ಕೇಳುವುದೇ ಬೇಡ.

"ಹಾಗಲ್ಲ ಇಕ್ಕಾ, ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಅಳೆಯಬೇಕು. ಎಲ್ಲಾ ಕಂಪೆನಿಯದ್ದೂ ಹಾಗೆಯೇ."

ನನಗೆ ಸಿಟ್ಟು ಬಂತು. "ಇದೆಂತ ನ್ಯಾಯ? ನನ್ನ ಅಂಗಡಿಯಲ್ಲಿ ಲುಂಗಿಯನ್ನು ಹೀಗೆ ಓರೆಗೆ ಅಳೆದು ಕೊಟ್ಟರೆ ಜನ ಸುಮ್ಮನಿರುತ್ತಾರಾ?"

ಹೆಂಡತಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಸಮಾಧಾನ ಮಾಡುತ್ತಾಳೆ ಎಂದುಕೊಂಡೆ. "ಇಷ್ಟು ವರ್ಷ ಅಂಗಡಿ ಇಟ್ಟಿದ್ದೀರಿ, ಈ ಬುದ್ಧಿ ನಿಮಗೆ ಯಾಕೆ ಬರಲಿಲ್ಲ?" ಎಂದಳು.

ಇಬ್ಬರ ಮರ್ಯಾದೆ

ಅಳಿಯ ಬರುವ ದಿನವೇ ಟಿ.ವಿ. ಗೋಡೆಗೇರಿತು. ಫಿಟ್ ಮಾಡಲು ಬಂದವನು ಸ್ವಿಚ್ಚು ಹಾಕಿ, ಚಿತ್ರ ಬಂದದ್ದು ತೋರಿಸಿ, ಮುಂದಿನ ಮನೆಗೆ ಓಡಿದ. ಬಂದದ್ದು ಅದೇ ಮೀನು! ರಿಮೋಟಿನ ಯಾವ ಗುಂಡಿ ಒತ್ತಿದರೂ ಮೀನು ಹೋಗಲೊಲ್ಲದು. ಅಷ್ಟರಲ್ಲಿ ಅಳಿಯ ಬಂದ, ಸಲಾಂ ಹೇಳಿ ಕೂತ. ಮಾವನಿಗೆ ರಿಮೋಟು ಬರುವುದಿಲ್ಲ ಎಂದು ತೋರಿಸಿಕೊಳ್ಳುವುದು ಹೇಗೆ? ರಿಮೋಟನ್ನು ಮೆಲ್ಲನೆ ಅವನ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

ಇಬ್ಬರೂ ಮೀನು ನೋಡಿದೆವು. ಚಹಾ ಬಂತು, ಮೀನು ನೋಡಿದೆವು. ಊಟ ಮುಗಿಸಿ ಬಂದು ಮತ್ತೆ ಮೀನು ನೋಡಿದೆವು. ಅಳಿಯ ಆಗಾಗ ಗಡಿಯಾರ ನೋಡುತ್ತಿದ್ದ. ಕೊನೆಗೆ ನಿಟ್ಟುಸಿರು ಬಿಟ್ಟು, "ಚಂದ ಉಂಟು ಮಾವ" ಎಂದ. ಎರಡು ಮಾತು ಹೆಚ್ಚು ಆಡಿದನಲ್ಲ ಎಂದು ನನ್ನ ಎದೆ ತುಂಬಿತು.

ಮರುದಿನ ಅಂಗಡಿಗೆ ಫೋನು ಮಾಡಿದಾಗ, ಅದು ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲು ಹಾಕಿಟ್ಟ ಚಿತ್ರ, ಬಂದು ತೆಗೆಯುತ್ತೇವೆ ಎಂದರು. "ಮುಟ್ಟಬೇಡಿ, ನಮ್ಮ ಅಳಿಯನಿಗೆ ಅದೇ ಇಷ್ಟ" ಎಂದುಬಿಟ್ಟೆ.

ಮುಂದಿನ ಸಲ ಅಳಿಯ ಕಾರಿನಿಂದ ಇಳಿದದ್ದು ಎರಡೂ ಕೈಯಲ್ಲಿ ಒಂದು ಗಾಜಿನ ತೊಟ್ಟಿ ಹಿಡಿದುಕೊಂಡು. ಒಳಗೆ ಕೆಂಪು, ಹಳದಿ ಮೀನುಗಳು.

"ಮಾವ, ನಿಮಗೆ ಮೀನು ನೋಡುವುದೆಂದರೆ ಪ್ರಾಣ ಅಂತ ಆ ದಿನವೇ ಗೊತ್ತಾಯ್ತು. ಅವತ್ತು ಫುಟ್‌ಬಾಲ್ ಫೈನಲ್ ಇತ್ತು. ಆದರೂ ನಿಮ್ಮ ಖುಷಿ ಕೆಡಿಸಬಾರದು ಅಂತ ಸುಮ್ಮನೆ ಕೂತೆ." ಅಲ್ಲಿಂದ ಶುರುವಾಯಿತು ನೋಡಿ ಅವನ ಮಾತು! ನೀರು ಯಾವಾಗ ಬದಲಿಸಬೇಕು, ತಿಂಡಿ ಎಷ್ಟು ಹಾಕಬೇಕು, ಯಾವ ಮೀನು ಯಾವುದನ್ನು ಕಚ್ಚುತ್ತದೆ... ನಿಲ್ಲಿಸಲೇ ಇಲ್ಲ. ನಾನು ಖುಷಿಯಿಂದ ಎಲ್ಲದಕ್ಕೂ ತಲೆಯಾಡಿಸಿದೆ. ನಿಜ ಹೇಳಿ ಆ ಬಾಯಿಯನ್ನು ಮತ್ತೆ ಮುಚ್ಚಿಸಲು ನನಗೇನು ಹುಚ್ಚೇ?

ಹೆಂಡತಿ ಅಡುಗೆಮನೆಯಿಂದ ಬಂದು ತೊಟ್ಟಿಯನ್ನು ನೋಡಿದಳು, ಗೋಡೆಯ ಟಿ.ವಿ.ಯನ್ನು ನೋಡಿದಳು, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಈ ಮೀನಿಗೆ ಕರೆಂಟು ಹೋದರೂ ತೊಂದರೆ ಇಲ್ಲ. ಮೊದಲೇ ಇದನ್ನೇ ತರಬಹುದಿತ್ತು."