ಮಾವನ ಸ್ಪ್ಯಾನಿಷ್ ಗುದ್ದು

ನನ್ನ ಸೋದರಮಾವನಿಗೆ ಸ್ಪ್ಯಾನಿಷ್ ಭಾಷೆ ಬರುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಅವನಿಗೆ ಬರುತ್ತಿದ್ದುದು ಕ್ರಿಯಾಪದಗಳು ಮಾತ್ರ, ಅದೂ ಪುತ್ತೂರಿನಿಂದ ಸುಳ್ಯ ಮುಟ್ಟುವಷ್ಟು.

ಐವತ್ತರ ದಶಕದ ಮಾತು. ಮಾವ ಆ ದಾರಿಯ ಬಸ್ಸಿನಲ್ಲಿ ಕಂಡಕ್ಟರ್. ರಟ್ಟು ಹರಿದ ಸ್ಪ್ಯಾನಿಷ್ ಪುಸ್ತಕವೊಂದು ಪುತ್ತೂರು ಸಂತೆಯಲ್ಲಿ ಅವನ ಕೈಗೆ ಸಿಕ್ಕಿತ್ತು. ಅದರಲ್ಲಿ ಪ್ರತಿ ಕ್ರಿಯಾಪದವನ್ನೂ ತುಂಡು ತುಂಡು ಮಾಡಿ, ಯಾವ ತುಂಡಿಗೆ ಒತ್ತು ಕೊಡಬೇಕೆಂದು ಗುರುತು ಹಾಕಿದ್ದರು. ಮಾವ ಒತ್ತು ಕೊಡುವುದೆಂದರೆ ಬಸ್ಸಿನ ತಗಡಿಗೆ ಗುದ್ದುವುದು! "ಕಾನ್-ತೊ" ಎಂದು ಮೊದಲ ತುಂಡಿಗೆ ಗುದ್ದಿದರೆ 'ಹಾಡುತ್ತೇನೆ'. "ಕಾನ್-ತೋ" ಎಂದು ಎರಡನೆಯದಕ್ಕೆ ಗುದ್ದಿದರೆ 'ಹಾಡಿದಳು'. ಡ್ರೈವರಿಗಾದರೋ ಒಂದು ಗುದ್ದೆಂದರೆ ನಿಲ್ಲಿಸು, ಎರಡೆಂದರೆ ಹೊರಡು. ನಾನು ಹಾಡಿದರೂ ಬ್ರೇಕ್, ಅವಳು ಹಾಡಿದರೂ ಬ್ರೇಕ್!

"ಎಂತ ಮಾರಾಯ್ರೆ, ಇಳಿಯುವವರು ಯಾರು?" ಡ್ರೈವರ್ ಅದ್ರಾಮ ಬ್ಯಾರಿ ಬೊಬ್ಬೆ ಹಾಕುತ್ತಿದ್ದರು.

"ಯಾರೂ ಇಲ್ಲ. ಕ್ರಿಯಾಪದ!"

"ಅದಕ್ಕೆ ಟಿಕೇಟು ಮಾಡಿದ್ದುಂಟಾ?"

ಈ ಮರುಳನಿಗೆ ಇದ್ದ ಒಬ್ಬಳೇ ಶಿಷ್ಯೆ ನಾನು. ಸಂಜೆ ಜಗಲಿಯಲ್ಲಿ ಕೂರಿಸಿ, ಮೊಣಕಾಲು ತಟ್ಟಿಸಿ ಹೇಳಿಸುತ್ತಿದ್ದ: "ಕಾನ್-ತಾ-ಬಾ-ಮೋಸ್. ಎರಡನೆಯದಕ್ಕೆ ಒತ್ತು ಮಾರಾಯ್ತಿ!" ನಾನೋ ಉಗ್ಗುವವಳು. ಬೇರೆ ಮಾತು ಹೇಗೋ ದಾಟುತ್ತಿತ್ತು, ನನ್ನ ಹೆಸರು ಮಾತ್ರ ಗಂಟಲಲ್ಲೇ ಕಚ್ಚಿಕೊಳ್ಳುತ್ತಿತ್ತು. ಟೀಚರ್ ಕೆಲಸದ ಮೊದಲ ಸಂದರ್ಶನದಲ್ಲಿ ಹೆಸರು ಹೇಳಲಾಗದೆ ಎದ್ದು ಬಂದಿದ್ದೆ. ಒಳಗಿದ್ದವರು ನಕ್ಕದ್ದು ಅಂಗಳದವರೆಗೂ ಕೇಳಿತ್ತು. ಎರಡನೆಯ ಕರೆ ಬಂದಾಗ ಅಪ್ಪ, "ಇದೇ ಕಡೆಯದ್ದು. ಇದೂ ಆಗದಿದ್ರೆ ಇನ್ನು ಮನೆಯಲ್ಲೇ ಕೂತ್ಕೋ" ಎಂದುಬಿಟ್ಟರು.

ಆ ದಿನ ಎದುರಿಗೆ ಮೂವರು ಕೂತಿದ್ದರು. "ಹೆಸರೇನಮ್ಮ?"

ಪ... ಪ... ಪ...

ಗೋಡೆಯ ಗಡಿಯಾರ ನನಗಿಂತ ಸಲೀಸಾಗಿ ಮಾತಾಡುತ್ತಿತ್ತು! ಒಬ್ಬರು ಕಿಟಕಿ ನೋಡಿದರು. ಇನ್ನೊಬ್ಬರು ಪೆನ್ನಿಗೆ ಮುಚ್ಚಳ ಹಾಕಿದರು. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಸೆರಗಿನಡಿ ನನ್ನ ಕೈ ತಾನಾಗಿ ಮೊಣಕಾಲಿಗೆ ತಟ್ಟತೊಡಗಿತು. ಪದ್-ಮಾ-ವ-ತಿ. ಎರಡನೆಯದಕ್ಕೆ ಒತ್ತು!

ಹೆಸರು ಹೊರಗೆ ಬಂತು. ಪೆನ್ನಿನ ಮುಚ್ಚಳವೂ ತೆರೆಯಿತು. ಸೋಮವಾರದಿಂದ ಬರಲು ಹೇಳಿದರು.

ಬಸ್ ಸ್ಟ್ಯಾಂಡಿಗೆ ಓಡಿ ಮಾವನಿಗೆ ಸುದ್ದಿ ಹೇಳಿದೆ. ಅವನು ಟಿಕೇಟಿನ ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತೇಬಿಟ್ಟ.

"ಮಾವ, ಸ್ಪ್ಯಾನಿಷ್ ಎಂತಕ್ಕೆ? ಕನ್ನಡವನ್ನೇ ತುಂಡು ಮಾಡಿ ಹೇಳಿಸ್ಬಹುದಿತ್ತಲ್ಲ?"

ಮಾವ ಮುಖ ಆಚೆ ತಿರುಗಿಸಿದ. "ಕನ್ನಡದಲ್ಲಿ ನೀನು ತಡವರಿಸಿದ್ರೆ ನಗ್ಲಿಕ್ಕೆ ಊರೆಲ್ಲ ಉಂಟು ಮಗಳೇ. ಇದರಲ್ಲಿ ತಪ್ಪಿದ್ರೆ ಗೊತ್ತಾಗುದು ಯಾರಿಗೆ? ನಂಗೇ ಗೊತ್ತಾಗುದಿಲ್ಲ!"