ನನ್ನ ಲಗ್ನಕ್ಕೆ ರೋಮಾಪುರಿ ಕಾನೂನು

ಚರ್ಚಿನ ಕಾನೂನು ಯಾವ ಮೂಲೆಯಿಂದ ಎದ್ದು ಬಂದು ಎದುರಿಗೆ ನಿಲ್ಲುತ್ತದೋ ಹೇಳಾಕ ಬರಂಗಿಲ್ಲ. ನಾನು ಆರನೇ ಇಯತ್ತೆಗೇ ಶಾಲೆ ಬಿಟ್ಟು ಬೋರ್‌ವೆಲ್ ಲಾರಿ ಹತ್ತಿದವನು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಅಂತ ನೆಲಕ್ಕೆ ತೂತು ಹೊಡೆಯುತ್ತ ತಿರುಗಿದವನು. ಗದಗ ಆಗತಾನೆ ಬೇರೆ ಜಿಲ್ಲೆಯಾಗಿತ್ತು. ಅದೇ ಹೊತ್ತಿಗೆ ಬೆಟಗೇರಿಯ ಉಪದೇಶಿಯ ಮಗಳು ನನ್ನನ್ನು ಒಪ್ಪಿದಳು. ಚರ್ಚಿನಲ್ಲಿ ಜಪ ಹೇಳಿಸುವ, ಮಕ್ಕಳಿಗೆ ಧರ್ಮಪಾಠ ಮಾಡುವ ಆಕೆಯ ಅಪ್ಪ ಒಪ್ಪಿರಲಿಲ್ಲ. "ಕಾನೂನು ಒಪ್ಪಿದ್ರ ನಾನೂ ಒಪ್ಪತೇನಿ" ಅಂದಿದ್ದರು. ನಾನು ನಕ್ಕಿದ್ದೆ. ಕಾನೂನು ಎಷ್ಟು ದಪ್ಪ ಐತಿ ಅಂತ ಗೊತ್ತಿರಲಿಲ್ಲ.

೧. ವಿಳಾಸ

ಫಾದರ್ ದೊಡ್ಡ ಫಾರಂ ತೆಗೆದು "ಎಲ್ಲಿರತೀಪಾ?" ಎಂದರು.

"ಲಾರಿಯೊಳಗ್ರಿ."

"ಲಾರಿ ಎಲ್ಲಿರತೈತಿ?"

"ಈಗ ಬೆಳ್ಳಟ್ಟಿಯೊಳಗ ಐತ್ರಿ. ನೀರು ಬಿದ್ದರ ಮುಂದಿನ ವಾರ ಕುರ್ತಕೋಟಿ. ಬೀಳದಿದ್ದರ ಬೆಳ್ಳಟ್ಟಿನ."

ಫಾದರ್ ಪೆನ್ನು ಕೆಳಗಿಟ್ಟು ದಪ್ಪನೆಯ ಪುಸ್ತಕ ತೆರೆದರು. ನೆಲೆಯಿಲ್ಲದೆ ಊರೂರು ತಿರುಗುವವನಿಗೆ ಬಿಷಪ್ಪರ ಅಪ್ಪಣೆ ಇಲ್ಲದೆ ಮದುವೆ ಮಾಡಿಸುವಂತಿಲ್ಲವಂತೆ. ಅಂಥವನಿಗಂತಲೇ ಆ ಪುಸ್ತಕದಲ್ಲಿ ಬೇರೆ ಹೆಸರೂ ಇದೆಯಂತೆ.

ಅವ್ವ ತೀರಿದ ಮೇಲೆ ನನ್ನನ್ನು ಸಾಕಿದ ಚಿಗವ್ವನಿಗೆ ಹೋಗಿ ಹೇಳಿದೆ. ಆಕೆ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದಳು, "ನೀ ತಿರುಬೋಕಿ ಅನ್ನೋ ಖಬರ ರೋಮಾಪುರಿ ತನಕ ಹೋಗೇತೇನೋ?"

೨. ಅಡ್ಡಿ

ಬಿಷಪ್ಪರ ಅಪ್ಪಣೆ ಬಂತು. ಇನ್ನು ಮೂರು ರವಿವಾರ ಪೂಜೆಯಲ್ಲಿ ನಮ್ಮಿಬ್ಬರ ಹೆಸರು ಓದಬೇಕು. "ಈ ಮದುವೆಗೆ ಅಡ್ಡಿ ಏನಾದರೂ ಯಾರಿಗಾದರೂ ಗೊತ್ತಿದ್ದರೆ ತಿಳಿಸುವುದು ಕರ್ತವ್ಯ" ಎಂದು ಫಾದರ್ ಓದಿದರು. ಮೊದಲನೇ ರವಿವಾರ ಪೂಜೆ ಮುಗಿಯುತ್ತಲೇ ಆಫೀಸಿನ ಮುಂದೆ ಸರದಿ ನಿಂತಿತು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ.

ಒಬ್ಬ ಅಜ್ಜ ಹೇಳಿದ, "ನೀವು ಪ್ರಸಂಗ ಹೇಳೋ ಮುಂದ ಈತ ಮಲಗತಾನ್ರಿ. ಗೊರಕಿನೂ ಹೊಡಿತಾನ."

ಒಬ್ಬ ಹೆಣ್ಣುಮಗಳು ಹೇಳಿದಳು, "ಕ್ರಿಸ್‌ಮಸ್ಸಿಗೆ ನಕ್ಷತ್ರ ಕಟ್ಟಾಕಂತ ನನ್ನ ಏಣಿ ಒಯ್ದಾನ್ರಿ. ಮುಂದಿನ ಕ್ರಿಸ್‌ಮಸ್ ಬಂತು."

"ಅದು ಲಗ್ನಕ್ಕ ಅಡ್ಡಿ ಅಲ್ಲವ್ವಾ."

"ಲಗ್ನ ಆಗಲಿ ಬಿಡ್ರಿ. ಏಣಿ ಬಂದ ಮ್ಯಾಲೆ ಆಗಲಿ."

ಸರದಿಯ ಕೊನೆಗೆ ನಿಂತವರನ್ನು ನೋಡಿ ನಾನು ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತೆ. ಸ್ವತಃ ಉಪದೇಶಿ. ಫಾದರ್ ಕೂಡ ಗಾಬರಿಯಾದರು. "ನೀವೂ ಅಡ್ಡಿ ಹೇಳಾವ್ರ?"

"ಇಲ್ರಿ ಫಾದರ್. ಉಳಿದವರು ಏನೇನು ಹೇಳಿದ್ರು ಅಂತ ಕೇಳಾಕ ಬಂದೆ."

೩. ನೀರು

ಏಣಿ ಮುಟ್ಟಿಸಿದೆ, ಮೂರು ರವಿವಾರ ಕಳೆದೆ. ಬುಧವಾರ ಲಗ್ನ. ಅದರ ಹಿಂದಿನ ಶುಕ್ರವಾರ ಕಾಗದ ಬಂತು: ನಾನು ಹುಟ್ಟಿದ ಲಕ್ಷ್ಮೇಶ್ವರದ ಕಡೆಯ ಚರ್ಚಿನಲ್ಲಿ, ತಲೆಗೆ ನೀರು ಹಾಕಿ ಕ್ರಿಸ್ತಾನರನ್ನಾಗಿಸುವ ಜ್ಞಾನಸ್ನಾನದ ದಫ್ತರದಲ್ಲಿ ನನ್ನ ಹೆಸರೇ ಇಲ್ಲ. ಇಷ್ಟು ವರ್ಷ ಕ್ರಿಸ್ತಾನ ಅಂತ ತಿರುಗಿದವನು ಒಂದು ಕಾಗದದಿಂದ ಯಾರೂ ಅಲ್ಲದವನಾದೆ.

"ಕಾನೂನು ಒಪ್ಪಲಿಲ್ಲ ನೋಡು" ಎಂದರು ಉಪದೇಶಿ.

"ಹಂಗಾರ ಈಗ ಹಾಕಿಬಿಡ್ರಿ ನೀರು" ಅಂದೆ ಫಾದರ್‌ಗೆ.

"ಎರಡನೇ ಸಲ ಹಾಕಾಕ ಬರಂಗಿಲ್ಲ. ಮೊದಲ ಆಗೇತೋ ಇಲ್ಲೋ ಗೊತ್ತಾಗಬೇಕು."

ಚಿಗವ್ವ ನೆನಪು ಮಾಡಿಕೊಂಡಳು. ನಾನು ಹುಟ್ಟಿದಾಗ ಅಳಲಿಲ್ಲವಂತೆ. ಉಳಿಯುವ ನಂಬಿಕೆ ಇರಲಿಲ್ಲ, ಫಾದರ್ ದೂರದ ಊರಲ್ಲಿದ್ದರು. ಸೂಲಗಿತ್ತಿಯೇ ನೀರು ಹಾಕಿದಳಂತೆ. ಆಮೇಲೆ ಬರೆಸುವುದನ್ನು ಎಲ್ಲರೂ ಮರೆತರು.

"ಸೂಲಗಿತ್ತಿ ಮುಸಲ್ಮಾನರಾಕಿ, ನಡಿತೈತೇನ್ರಿ?" ಎಂದೆ.

"ಸಾಯೋ ಹೊತ್ತಿನ್ಯಾಗ ಯಾರು ಹಾಕಿದ್ರೂ ನಡಿತೈತಿ. ಆಕಿ ಬಂದು ಹೇಳಿದ್ರ ಸಾಕು."

ನನ್ನ ಬೆರಗು ಇಳಿಯುವ ಮೊದಲೇ ಲಾರಿ ಹೊರಡಿಸಿದೆ. ಊರೆಲ್ಲ ನಾನಿ ಅನ್ನುವ ಆ ಮುದುಕಿಯನ್ನು ಡ್ರೈವರನ ಪಕ್ಕ ಕೂಡಿಸಿಕೊಂಡು ಬಂದೆ.

"ಏನಂತ ಹೇಳಿ ನೀರು ಹಾಕಿದ್ರಿ ಅಮ್ಮಾ?" ಫಾದರ್ ಕೇಳಿದರು.

ನಾನಿ ಪಿತ, ಸುತ, ಪವಿತ್ರಾತ್ಮರ ಹೆಸರಿನ ಮಾತನ್ನು ಒಂದಕ್ಷರ ತಪ್ಪದೆ ಹೇಳಿದಳು. "ಇವರವ್ವ ಕಲಿಸಿದ್ಲು. ನೀರು ಬಿದ್ದ ಕೂಡಲೆ ಕೂಸು ಅತ್ತಿತು. ಛಲೋ ಮಂತ್ರ. ಆಮ್ಯಾಲೆ ಅಳಲಾರದ ಕೂಸು ಹುಟ್ಟಿದಾಗೆಲ್ಲ ಹಂಗ ಹಾಕಿದ್ನಿ."

ಫಾದರ್ ಕೈಯಿಂದ ಪೆನ್ನು ಬಿತ್ತು. "ಎಲ್ಲೆಲ್ಲಿ?"

"ನೇಕಾರ ಓಣಿ, ಗೌಡರ ಓಣಿ, ನಮ್ಮ ಮಸೂತಿ ಓಣಿ. ನನ್ನ ಮೊಮ್ಮಗನಿಗೂ ಹಾಕೇನಿ."

ಉಪದೇಶಿ ಕುರ್ಚಿ ಹಿಡಿದುಕೊಂಡರು. "ಫಾದರ್, ಅರ್ಧ ಊರು ನಮ್ಮದಾತೇನ್ರಿ?"

ಫಾದರ್ ಬೆವರು ಒರೆಸಿಕೊಂಡರು. "ಅಮ್ಮಾ, ಆ ಕೂಸುಗಳನ್ನ ಕ್ರಿಸ್ತಾನರನ್ನ ಮಾಡಬೇಕಂತ ಹಾಕಿದ್ರೇನು?"

"ಅಳಸಾಕ ಹಾಕಿದ್ನಿ."

"ಹಂಗಾರ ಅದು ಜ್ಞಾನಸ್ನಾನ ಅಲ್ಲ. ಮನಸಿನ್ಯಾಗ ಆ ಉದ್ದೇಶ ಇರಬೇಕು" ಎಂದು ಫಾದರ್ ಉಸಿರು ಬಿಟ್ಟರು. ನನ್ನ ಉಸಿರು ನಿಂತಿತು. ಅದೇ ಮಾತು ನನಗೂ ತಗುಲುತ್ತಿತ್ತು.

"ಮತ್ತ ಈತನಿಗೆ?" ಎಂದರು ಫಾದರ್.

ನಾನಿ ನನ್ನ ಕಡೆ ಬೆರಳು ತೋರಿಸಿದಳು. "ಇವರವ್ವ ಕೈ ಮುಗಿದು ಬೇಡಿದ್ಲು. ಆಕಿ ಏನು ಬೇಡಿದ್ಲೋ ಅದನ್ನ ಮಾಡಿದ್ನಿ. ಮನಸು ಆಕೀದು, ಕೈ ನಂದು."

"ಸಾಕು" ಎಂದು ಫಾದರ್ ದಫ್ತರದಲ್ಲಿ ನನ್ನ ಹೆಸರು ಬರೆದರು.

ಉಪದೇಶಿಗೆ ಇನ್ನೂ ಸಮಾಧಾನವಿಲ್ಲ. "ಬ್ಯಾರೆ ಅಡ್ಡಿ ಏನೂ ಇಲ್ಲೇನ್ರಿ?"

"ಹಿಂದಿನ ಕಾನೂನಿನ್ಯಾಗ ಒಂದಿತ್ತು" ಫಾದರ್ ನಕ್ಕರು. "ನೀರು ಹಾಕಿದಾಕಿನ್ನ, ಹಾಕಿಸಿಕೊಂಡಾವ ಲಗ್ನ ಆಗಾಕ ಬರತಿದ್ದಿಲ್ಲ."

ನಾನಿ ಸೆರಗು ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳತನಕ ನೋಡಿದಳು.

"ಅದರ ಚಿಂತಿ ಬಿಡ್ರಿ. ಇಂಥ ತಿರುಗೋ ಗಂಡನ್ನ ನಾನೂ ಒಪ್ಪತಿದ್ದಿಲ್ಲ."